ಪುಣೆಯಲ್ಲಿ ಗುಂಪಿನ ಜತೆ ಸೈಕಲ್ ತುಳಿಯುವುದು: ಮೊದಲ ಭಾನುವಾರದಿಂದ ಸಿಂಹಗಡದವರೆಗೆ

ನನ್ನ ಮೊದಲ ಗುಂಪು ರೈಡ್‌ನಲ್ಲಿ ಬಿದ್ದದ್ದು ನಾನಲ್ಲ, ನನ್ನ ಹಿಂದೆ ಬರುತ್ತಿದ್ದವರು. ಪಾಷಾಣ್ ಕೆರೆ ದಾಟಿ ಸೂಸ್ ಕಡೆ ಹೊರಟಿದ್ದೆವು. ಬೆಳಗಿನ ಆರು ಗಂಟೆ, ಇನ್ನೂ ಮಬ್ಬು. ಊಟದ ತಟ್ಟೆಯಷ್ಟು ಅಗಲದ ಗುಂಡಿ ಎದುರಿಗೆ ಬಂತು. ನಾನು ಹ್ಯಾಂಡಲ್ ಎಳೆದು ತಪ್ಪಿಸಿಕೊಂಡೆ, ಬಾಯಿ ಬಿಡಲಿಲ್ಲ. ಹಿಂದಿನವರ ಗಾಲಿ ಸೀದಾ ಅದರೊಳಗೆ ಇಳಿಯಿತು. ಮೊಣಕೈ ತರಚಿತು, ಟ್ಯೂಬ್ ಹೋಯಿತು. ನಾನು ಗಾಬರಿಯಲ್ಲಿ "ಅಯ್ಯೋ ದೇವ್ರೇ" ಎಂದೆ. ಅವರು ಧೂಳು ಕೊಡವಿಕೊಂಡು ಎದ್ದು ಕನ್ನಡದಲ್ಲೇ ಹೇಳಿದರು: "ನನಗ ನಿನ್ನ ಹಿಂದಿನ ಗಾಲಿ ಬಿಟ್ಟರ ಬ್ಯಾರೆ ಏನೂ ಕಾಣಂಗಿಲ್ಲ ನೋಡವಾ. ಗುಂಡಿ ಕಾಣೂದು ನಿನಗಷ್ಟ. ನೀ ಹೇಳಬೇಕ."

ಬೆಳಗಾವಿ ಕಡೆಯವರು, ಬ್ಯಾಂಕಿನಿಂದ ನಿವೃತ್ತರು, ಗುಂಪಿನಲ್ಲಿ ಎಲ್ಲರಿಗೂ ಕಾಕಾ. ಆಮೇಲೆ ಎಷ್ಟೋ ಜನರಿಂದ ಎಷ್ಟೋ ಕಲಿತೆ. ಆದರೆ ಕಾಕಾ ಹೇಳಿದ ಆ ಮಾತಿಗಿಂತ ದೊಡ್ಡ ಪಾಠ ಯಾವುದೂ ಇರಲಿಲ್ಲ. ನೀವು ಎಷ್ಟು ವೇಗವಾಗಿ ತುಳಿಯುತ್ತೀರಿ ಎಂದು ಗುಂಪಿನಲ್ಲಿ ಯಾರೂ ಅಷ್ಟಾಗಿ ನೋಡುವುದಿಲ್ಲ. ಮುಂದೆ ಏನು ಮಾಡಲಿದ್ದೀರಿ ಎಂಬುದು ಹಿಂದಿನವರಿಗೆ ಮೊದಲೇ ತಿಳಿಯಬೇಕು, ಅಷ್ಟೇ.

ಕೆಲಸಕ್ಕೆಂದು ಪುಣೆಗೆ ಬಂದು, ಮನೆಯ ಬಾಲ್ಕನಿಯಲ್ಲಿ ಒಂದು ಸೈಕಲ್ ಇಟ್ಟುಕೊಂಡು, "ಭಾನುವಾರ ಯಾರ ಜತೆಗಾದರೂ ಹೋಗಬೇಕು" ಎಂದುಕೊಂಡೇ ವರ್ಷ ಕಳೆದವರಿಗೆ ಇದನ್ನು ಬರೆಯುತ್ತಿದ್ದೇನೆ.

ಮೊದಲು ಒಬ್ಬರೇ 25 ಕಿ.ಮೀ.

ಗುಂಪಿಗೆ ಸೇರಲು ದುಬಾರಿ ಸೈಕಲ್ ಬೇಕು ಎನ್ನುವುದು ಸುಳ್ಳು. ಗೇರ್ ಇರುವ ಸಾಮಾನ್ಯ ಹೈಬ್ರಿಡ್, ಅಂದರೆ ರೇಸಿಂಗ್ ಸೈಕಲ್ಲಿಗೂ ಗುಡ್ಡಗಾಡಿನ ಸೈಕಲ್ಲಿಗೂ ನಡುವಿನದ್ದು, ಸಾಕು. ಪುಣೆಯ ರಸ್ತೆಗೆ ಅದೇ ಒಳ್ಳೆಯದು ಅಂತಲೂ ನನ್ನ ಅಭಿಪ್ರಾಯ. ಇಲ್ಲಿನ ಕಾಂಕ್ರೀಟ್ ರಸ್ತೆಗಳಲ್ಲಿ ಎರಡು ಹಾಸಿನ ನಡುವೆ ಉದ್ದಕ್ಕೂ ಸೀಳು ಬಿಟ್ಟಿರುತ್ತದೆ, ಅಂಚಿನಲ್ಲಿ ಬ್ಲಾಕ್‌ಗಳು ಎದ್ದಿರುತ್ತವೆ. ರೇಸಿಂಗ್ ಸೈಕಲ್ಲಿನ ತೆಳು ಟೈರ್ ಆ ಸೀಳಿಗೆ ಸಿಕ್ಕಿಕೊಂಡರೆ ಮುಗಿಯಿತು. 32ರಿಂದ 40 ಮಿ.ಮೀ. ಅಗಲದ ಟೈರ್ ಇದ್ದರೆ ಇಂಥದ್ದರ ಮೇಲೆ ಧೈರ್ಯವಾಗಿ ಹೋಗಬಹುದು. ದಪ್ಪ ಹಲ್ಲಿನ ಎಂಟಿಬಿ (ಗುಡ್ಡಗಾಡಿನ ಸೈಕಲ್) ಟೈರ್ ಡಾಂಬರಿನ ಮೇಲೆ ಗುಂಯ್‌ಗುಟ್ಟುತ್ತಾ ಜೀವ ಹಿಂಡುತ್ತದೆ. ಸೈಕಲ್ ಅದೇ ಇರಲಿ, ನುಣುಪಾದ ಟೈರ್ ಹಾಕಿಸಿಕೊಳ್ಳಿ. 2017ರ ಕೊನೆಗೆ ಪುಣೆಯಲ್ಲಿ ಮೊಬೈಲ್ ತೋರಿಸಿ ತೆಗೆದುಕೊಳ್ಳುವ ಬಾಡಿಗೆ ಸೈಕಲ್‌ಗಳು ಬಂದಿದ್ದವು. ಬಂದಷ್ಟೇ ಬೇಗ ಕಾಣೆಯಾದವು. ಹಾಗಾಗಿ ಸ್ವಂತದ್ದು ಬೇಕು, ಇಲ್ಲವೇ ಸ್ನೇಹಿತರದ್ದು.

ಸೀಟಿನ ಎತ್ತರ ನೋಡಿಕೊಳ್ಳಿ. ಪೆಡಲ್ ಪೂರ್ತಿ ಕೆಳಗಿರುವಾಗ ಹಿಮ್ಮಡಿ ಅದರ ಮೇಲಿಟ್ಟರೆ ಕಾಲು ನೆಟ್ಟಗಾಗಬೇಕು. ಹಾಗಿದ್ದರೆ ಪಾದದ ಮುಂಭಾಗದಿಂದ ತುಳಿಯುವಾಗ ಮೊಣಕಾಲು ತುಸು ಬಾಗಿರುತ್ತದೆ. ಹೊಸಬರಲ್ಲಿ ಹೆಚ್ಚಿನವರು ಸೀಟು ತಗ್ಗಿಸಿಕೊಂಡಿರುತ್ತಾರೆ. ಆಮೇಲೆ ಮೊಣಕಾಲು ನೋವು ಅಂತ ಸೈಕಲ್ ಮಾರುತ್ತಾರೆ.

ಇನ್ನು ನಿಮ್ಮ ಪರೀಕ್ಷೆ. ಕೊಥ್ರೂಡಿನಿಂದ ಖಡಕ್‌ವಾಸ್ಲಾ ಅಣೆಕಟ್ಟೆಗೆ ಹೋಗಿ ಬಂದರೆ 30 ಕಿ.ಮೀ. ಆಸುಪಾಸು. ಏಳು ಗಂಟೆಯೊಳಗೆ ಹೋದರೆ ಸಿಂಹಗಡ ರಸ್ತೆಯ ಗದ್ದಲ ಇರುವುದಿಲ್ಲ. 25–30 ಕಿ.ಮೀ. ದೂರವನ್ನು ನೆಲಕ್ಕೆ ಕೂರದೆ ಮುಗಿಸಿದಿರಾ? ಗುಂಪಿಗೆ ಸಿದ್ಧ. ಎಷ್ಟು ಸರಾಸರಿ ವೇಗ ಬಂತೆಂದು ಗುರುತು ಹಾಕಿಕೊಳ್ಳಿ, ಮುಂದೆ ಬೇಕಾಗುತ್ತದೆ.

ಇನ್ನೆರಡು ಅಭ್ಯಾಸ ಸೊಸೈಟಿಯ, ಅಂದರೆ ನಿಮ್ಮ ಅಪಾರ್ಟ್‌ಮೆಂಟ್ ಆವರಣದ, ಒಳಗೇ ಮಾಡಬಹುದು. ಒಂದು, ಒಂದೇ ಕೈಯಲ್ಲಿ ಹ್ಯಾಂಡಲ್ ಹಿಡಿದು ನೇರ ಗೆರೆಯಲ್ಲಿ ಹೋಗುವುದು. ಇದು ಬಾರದಿದ್ದರೆ ನೀರೂ ಕುಡಿಯಲಾಗದು, ಕೈಸನ್ನೆಯೂ ಮಾಡಲಾಗದು. ಇನ್ನೊಂದು, ಬಲ ಭುಜದ ಮೇಲಿಂದ ಹಿಂದಕ್ಕೆ ನೋಡುವುದು. ತಲೆ ತಿರುಗಿದ ಕಡೆಗೇ ಸೈಕಲ್ಲೂ ವಾಲುತ್ತದೆ. ವಾಲದಂತೆ ಹಿಡಿಯಲು ಒಂದು ವಾರ ಬೇಕು. ನಮ್ಮ ಸೊಸೈಟಿಯ ವಾಚ್‌ಮನ್ ನನ್ನನ್ನು ನೋಡಿ ಏನೆಂದುಕೊಂಡನೋ!

ಗುಂಪು ಹುಡುಕುವುದು, ಗುಂಪು ಬಿಡುವುದು

ಪುಣೆಯನ್ನು ಒಂದು ಕಾಲಕ್ಕೆ ಸೈಕಲ್ಲುಗಳ ಊರು ಎನ್ನುತ್ತಿದ್ದರು. ಈಗ ಆ ಜಾಗ ಸ್ಕೂಟರ್‌ಗಳದ್ದು. ಆದರೂ ಭಾನುವಾರ ಬೆಳಗ್ಗೆ ಐದೂವರೆಗೆ ಚಾಂದನಿ ಚೌಕ್ ಕಡೆಗೋ ಖಡಕ್‌ವಾಸ್ಲಾ ದಾರಿಗೋ ಹೋಗಿ ನಿಲ್ಲಿ. ಕೆಂಪು ದೀಪಗಳ ಸಾಲು ಹೋಗುತ್ತಲೇ ಇರುತ್ತದೆ.

ಹುಡುಕಲು ಸುಲಭದ ಜಾಗ ಸೈಕಲ್ ಅಂಗಡಿ. ಹಲವು ಅಂಗಡಿಯವರೇ ವಾರಕ್ಕೊಂದು ರೈಡ್ ಇಟ್ಟಿರುತ್ತಾರೆ, ಸರ್ವಿಸ್‌ಗೆ ಹೋದಾಗ ಕೇಳಿ. ಆಫೀಸು ಮತ್ತು ಸೊಸೈಟಿಯ ವಾಟ್ಸಾಪ್ ಗುಂಪುಗಳಿವೆ. ಸ್ಟ್ರಾವಾ ಎಂಬ ಆ್ಯಪ್‌ನಲ್ಲಿ ಬಡಾವಣೆಯ ಹೆಸರು ಹಾಕಿದರೆ ಕ್ಲಬ್‌ಗಳು ಸಿಗುತ್ತವೆ. ಹೆಂಗಸರೇ ಸೇರಿ ನಡೆಸುವ ಗುಂಪುಗಳೂ ಇವೆ. ಕತ್ತಲಲ್ಲಿ ಒಬ್ಬಳೇ ಹೊರಡಲು ಮನೆಯಲ್ಲಿ ಕಿರಿಕಿರಿ ಇದ್ದರೆ ಅಲ್ಲಿಂದ ಶುರು ಮಾಡಿ. ನನ್ನ ಗುಂಪು ಸಿಕ್ಕಿದ್ದು ಮಾತ್ರ ಚಹಾ ಅಂಗಡಿಯಲ್ಲಿ. ಹೆಲ್ಮೆಟ್ ಹಾಕಿದ ಎಂಟು ಜನ ಕೂತಿದ್ದರು, ಹೋಗಿ ಮಾತಾಡಿಸಿದೆ.

ಸೇರುವ ಮೊದಲು ಕೇಳಲೇಬೇಕಾದ ಕೆಲವು ಪ್ರಶ್ನೆಗಳಿವೆ, ಸಂಕೋಚ ಬೇಡ. ಸರಾಸರಿ ವೇಗ ಎಷ್ಟು? ಹಿಂದೆ ಬಿದ್ದವರಿಗೆ ಕಾಯುತ್ತೀರಾ? ಕೊನೆಯಲ್ಲಿ ಯಾರಾದರೂ ಬರುತ್ತಾರಾ? ಎಷ್ಟು ಹೊತ್ತಿಗೆ ವಾಪಸ್? ಹೆಲ್ಮೆಟ್ ಕಡ್ಡಾಯವಾ?

ವೇಗದ ಉತ್ತರವನ್ನು ಸ್ವಲ್ಪ ಅರ್ಥ ಮಾಡಿಕೊಳ್ಳಬೇಕು. "ಆರಾಮಾಗಿ ಹೋಗ್ತೀವಿ" ಎಂಬ ಮಾತಿಗೆ ಬೆಲೆಯಿಲ್ಲ. ಗಂಟೆಗೆ 28 ಕಿ.ಮೀ. ಹೋಗುವವರಿಗೂ ಅದು ಆರಾಮೇ. ಅಂಕಿ ಕೇಳಿ. ನೀವು ಒಬ್ಬರೇ 18ರಲ್ಲಿ ಹೋಗುತ್ತಿದ್ದರೆ 18–20ರ ಗುಂಪು ಸರಿ. 22–25 ಎಂದರೆ ಮೂರು ತಿಂಗಳು ಬಿಟ್ಟು ಬನ್ನಿ.

"ಯಾರನ್ನೂ ಬಿಟ್ಟು ಹೋಗಲ್ಲ" ಎನ್ನುವ ರೈಡ್‌ಗೆ ನೋ-ಡ್ರಾಪ್ ಎನ್ನುತ್ತಾರೆ. ಅದರಲ್ಲಿ ಮುಂದೆ ದಾರಿ ತೋರಿಸುವ ಲೀಡ್ ಒಬ್ಬರು, ಎಲ್ಲರಿಗಿಂತ ಹಿಂದೆ ಬರುವ ಸ್ವೀಪ್ ಒಬ್ಬರು. ಸ್ವೀಪ್ ಇಲ್ಲದ ಗುಂಪಿಗೆ ಹೊಸಬರು ಹೋಗಲೇಬಾರದು. ಇದನ್ನು ನಾನು ಅನುಭವಿಸಿ ಹೇಳುತ್ತಿದ್ದೇನೆ. ಒಂದು ಗುಂಪು, ಹೆಸರು ಬೇಡ, ನನ್ನನ್ನು ಪಿರಂಗುಟ್ ಹತ್ತಿರದ ಏರಿನಲ್ಲಿ ಬಿಟ್ಟು ಮುಳಶಿ ಕಡೆ ಹೊರಟುಹೋಯಿತು. ಕಾರ್ಖಾನೆಯ ಲಾರಿಗಳು ಪಕ್ಕದಲ್ಲೇ ಗುಡುಗುತ್ತಾ ಹೋಗುವ ರಸ್ತೆ ಅದು. ಫೋನ್ ಮಾಡಿದರೆ ಎತ್ತುವವರಿಲ್ಲ. ತಿರುಗಿಸಿಕೊಂಡು ಮನೆಗೆ ಬಂದೆ, ಆ ವಾಟ್ಸಾಪ್ ಗುಂಪಿನಿಂದಲೂ ಹೊರಗೆ ಬಂದೆ. ಒಂದೆರಡು ಗುಂಪು ಬದಲಾಯಿಸಿದರೆ ಯಾರೂ ಬೇಜಾರು ಮಾಡಿಕೊಳ್ಳುವುದಿಲ್ಲ.

ಹೆಲ್ಮೆಟ್ ವಿಷಯದಲ್ಲಿ "ನಿಮ್ಮಿಷ್ಟ" ಎನ್ನುವ ಗುಂಪಿಗೆ ಅಲ್ಲೇ ನಮಸ್ಕಾರ ಹೇಳಿ.

ಭಾಷೆಯ ಚಿಂತೆ ಬೇಡ. ಹಿಂದಿ ನಡೆಯುತ್ತದೆ. ಆದರೆ ಸೈಕಲ್ ಮೇಲೆ ಕೂಗುವುದು ಮರಾಠಿಯಲ್ಲೇ ಜಾಸ್ತಿ. "ಖಡ್ಡಾ" ಎಂದರೆ ಗುಂಡಿ, "ಹಳೂ" ಎಂದರೆ ನಿಧಾನ, "ಥಾಂಬಾ" ಎಂದರೆ ನಿಲ್ಲಿ, "ಡಾವೀಕಡೆ" ಎಡಕ್ಕೆ, "ಉಜವೀಕಡೆ" ಬಲಕ್ಕೆ. ಈ ಐದು ಪದ ಬಾಯಿಗೆ ಬಂದರೆ ಸಾಕು.

ಶನಿವಾರ ರಾತ್ರಿಯ ಕೆಲಸ

ಬೆಳಗ್ಗೆ ಐದಕ್ಕೆ ಎದ್ದು ಪಂಪ್ ಹುಡುಕಬೇಡಿ. ಗಾಳಿ, ಬ್ರೇಕ್, ಚೈನ್ ಮೂರನ್ನೂ ರಾತ್ರಿಯೇ ನೋಡಿ. ಟೈರ್ ಪಕ್ಕದಲ್ಲಿ ಎಷ್ಟು ಗಾಳಿ ಎಂದು ಬರೆದಿರುತ್ತದೆ, ಆ ಮಿತಿಯೊಳಗೆ ತುಂಬಿಸಿ. ಹೈಬ್ರಿಡ್‌ಗೆ ಸಾಮಾನ್ಯವಾಗಿ 50–65 ಪಿಎಸ್‌ಐ ಸಾಕು. ಬ್ರೇಕ್ ಒತ್ತಿ ಸೈಕಲ್ ತಳ್ಳಿದರೆ ಗಾಲಿ ತಿರುಗಬಾರದು. ಚೈನ್ ಮೇಲೆ ಬೆರಳಾಡಿಸಿದರೆ ಕಪ್ಪು ಮಸಿ ದಪ್ಪಗೆ ಬಂತೋ, ಬಟ್ಟೆಯಲ್ಲಿ ಒರೆಸಿ ಎರಡು ಹನಿ ಎಣ್ಣೆ ಬಿಡಿ. ಕೊಬ್ಬರಿ ಎಣ್ಣೆ ಬೇಡ, ಧೂಳು ಹಿಡಿಯುತ್ತದೆ.

ಸೀಟಿನ ಕೆಳಗಿನ ಚೀಲದಲ್ಲಿ ನಿಮ್ಮದೇ ಅಳತೆಯ ಒಂದು ಟ್ಯೂಬ್, ಟೈರ್ ಎಬ್ಬಿಸಲು ಎರಡು ಟೈರ್ ಲಿವರ್, ಒಂದು ಅಲೆನ್ ಕೀ ಸೆಟ್. ಫ್ರೇಮಿಗೆ ಸಣ್ಣ ಪಂಪ್. "ಗುಂಪಿನಲ್ಲಿ ಯಾರ ಹತ್ತಿರವಾದರೂ ಇರುತ್ತೆ" ಎಂದು ಬರುವವರು ಎರಡನೇ ಸಲಕ್ಕೆ ಎಲ್ಲರ ಬಾಯಲ್ಲಿ ಇರುತ್ತಾರೆ. ಟ್ಯೂಬಿನ ವಾಲ್ವ್ ಪೆನ್ಸಿಲ್ ಥರ ಸಣ್ಣಗಿದ್ದರೆ ಅದು ಪ್ರೆಸ್ಟಾ. ಹೆದ್ದಾರಿಯ ಪಂಕ್ಚರ್ ಅಂಗಡಿಯ ಪೈಪ್ ಅದಕ್ಕೆ ಕೂರುವುದಿಲ್ಲ. ಹಿತ್ತಾಳೆಯ ಪುಟ್ಟ ಅಡಾಪ್ಟರ್ ಸಿಗುತ್ತದೆ, ಅದನ್ನು ವಾಲ್ವ್‌ಗೇ ಸಿಕ್ಕಿಸಿಟ್ಟುಬಿಡಿ.

ಮುಂದೆ ಬಿಳಿ ದೀಪ, ಹಿಂದೆ ಕೆಂಪು ದೀಪ. ಜನವರಿಯಲ್ಲಿ ಪುಣೆಯಲ್ಲಿ ಸೂರ್ಯ ಹುಟ್ಟುವುದೇ ಏಳರ ಮೇಲೆ, ಒಂದು ಗಂಟೆ ಕತ್ತಲಲ್ಲೇ ತುಳಿಯಬೇಕು. ಗುಂಪಿನಲ್ಲಿರುವಾಗ ಹಿಂದಿನ ದೀಪವನ್ನು ಮಿಣುಕಿಸಬೇಡಿ, ಸುಮ್ನೆ ಉರಿಯಲಿ. ಮಿಣುಕುವ ದೀಪವನ್ನು ಮೂರು ಅಡಿ ಹಿಂದಿನಿಂದ ಅರ್ಧ ಗಂಟೆ ನೋಡಿದವರಿಗೆ ಅದರ ಕಷ್ಟ ಗೊತ್ತು. ಕೊನೆಯ ಸ್ವೀಪ್ ಮಾತ್ರ ಮಿಣುಕಿಸುತ್ತಾರೆ.

ಒಂದು ಚೀಟಿಯಲ್ಲಿ ಹೆಸರು, ರಕ್ತದ ಗುಂಪು, ಮನೆಯವರ ನಂಬರ್ ಬರೆದು ಹೆಲ್ಮೆಟ್ ಒಳಗೆ ಅಂಟಿಸಿ. ಅಪಘಾತವಾದರೆ 112, ಆಂಬುಲೆನ್ಸ್‌ಗೆ 108.

ತಿನ್ನಲು ಏನು? ಒಂದೂವರೆ ಗಂಟೆಯೊಳಗಿನ ರೈಡ್‌ಗೆ ನೀರು ಸಾಕು. ಅದಕ್ಕಿಂತ ಹೆಚ್ಚಾದರೆ ಗಂಟೆಗೆ 30ರಿಂದ 60 ಗ್ರಾಂ ಪಿಷ್ಟವೋ ಸಕ್ಕರೆಯೋ ಹೊಟ್ಟೆಗೆ ಬೀಳಬೇಕು. ಒಂದು ದೊಡ್ಡ ಬಾಳೆಹಣ್ಣಿನಲ್ಲಿ 25–30 ಗ್ರಾಂ ಸಿಗುತ್ತದೆ. ನಾನು ಊರಿಗೆ ಹೋಗಿ ಬಂದ ವಾರ ಧಾರವಾಡ ಪೇಢೆ ಒಯ್ಯುತ್ತೇನೆ. ಜೇಬಿನಲ್ಲಿ ಕರಗುವುದಿಲ್ಲ, ಹಂಚಿದರೆ ಹೆಸರೂ ಬರುತ್ತದೆ. ನೀರಿಗೆ ನಿಂಬೆಹಣ್ಣು, ಉಪ್ಪು, ಸಕ್ಕರೆ. ಬಾಯಾರಿದ ಮೇಲೆ ಕುಡಿಯೋಣ ಎಂದು ಕಾಯಬೇಡಿ, ಹದಿನೈದು ನಿಮಿಷಕ್ಕೊಮ್ಮೆ ಎರಡು ಗುಟುಕು.

ಸಾಲಿನೊಳಗೆ

ಹೇಳಿದ ಸಮಯಕ್ಕಿಂತ ಹತ್ತು ನಿಮಿಷ ಮೊದಲೇ ಹೋಗಿ. ಲೀಡ್ ಯಾರು, ಸ್ವೀಪ್ ಯಾರು ಎಂದು ಮುಖ ನೋಡಿಟ್ಟುಕೊಳ್ಳಿ. "ನಾನು ಹೊಸಬಳು" ಎಂದು ಬಾಯಿಬಿಟ್ಟು ಹೇಳಿ. ಹೇಳಿದರೆ ನಿಮ್ಮನ್ನು ಮಧ್ಯದಲ್ಲೋ ಲೀಡ್‌ನ ಹಿಂದೆಯೋ ಹಾಕಿಕೊಳ್ಳುತ್ತಾರೆ. ಹೊಸಬರಿಗೆ ಕೊನೆಯ ಜಾಗ ಒಳ್ಳೆಯದಲ್ಲ. ಮುಂದಿನವರು ಸ್ವಲ್ಪ ನಿಧಾನಿಸಿ ಮತ್ತೆ ಹಿಡಿದರೆ ಕೊನೆಯವರು ಅಷ್ಟು ದೂರ ಓಡಿ ಹಿಡಿಯಬೇಕು. ಬಸ್ಸಿನ ಹಿಂದಿನ ಸೀಟಿನಲ್ಲಿ ಕೂತವರಿಗೇ ಹೆಚ್ಚು ಕುಲುಕಾಟ, ಅಲ್ವಾ? ಹಾಗೆ.

ಮುಂದಿನ ಸೈಕಲ್ಲಿಗೂ ನಿಮಗೂ ನಡುವೆ ಒಂದು ಸೈಕಲ್ಲಿನಷ್ಟು ಜಾಗ ಇರಲಿ. ಅನುಭವಿಗಳು ಇನ್ನೂ ಹತ್ತಿರ ಹೋಗುತ್ತಾರೆ, ಅದಕ್ಕೊಂದು ಲಾಭವೂ ಇದೆ. ಗಂಟೆಗೆ 30 ಕಿ.ಮೀ. ವೇಗದಲ್ಲಿ ನಾವು ಹೋರಾಡುವುದು ಹೆಚ್ಚಾಗಿ ಗಾಳಿಯ ಜತೆ. ಮುಂದಿನವರ ಮರೆಯಲ್ಲಿ ಹೋದರೆ ಸುಮಾರು ಕಾಲು ಭಾಗ ಶ್ರಮ ಉಳಿಯುತ್ತದೆ. ಆದರೆ ನಿಮ್ಮ 18ರ ವೇಗದಲ್ಲಿ ಆ ಲಾಭ ಕಡಿಮೆ, ಅಪಾಯ ಮಾತ್ರ ಅಷ್ಟೇ. ಆಸೆಪಡಬೇಡಿ.

ನಿಮ್ಮ ಮುಂದಿನ ಗಾಲಿ ಅವರ ಹಿಂದಿನ ಗಾಲಿಯ ಪಕ್ಕಕ್ಕೆ ಬರಲೇಬಾರದು. ಗುಂಪಿನಲ್ಲಿ ನಾನು ಕಂಡ ಬೀಳುವಿಕೆಗಳಲ್ಲಿ ಹೆಚ್ಚಿನವು ಇಲ್ಲಿಂದಲೇ. ಅವರು ಗುಂಡಿ ತಪ್ಪಿಸಲು ಒಂದು ಗೇಣು ಸರಿದರೂ ಗಾಲಿಗೆ ಗಾಲಿ ತಾಗುತ್ತದೆ, ಮತ್ತು ಬೀಳುವುದು ಹೆಚ್ಚಾಗಿ ಹಿಂದಿನವರು. ಹಾಗಂತ ಆ ಹಿಂದಿನ ಗಾಲಿಯನ್ನೇ ದಿಟ್ಟಿಸಬೇಡಿ. ಮುಂದಿನವರ ಭುಜದ ಮೇಲಿಂದ ಆಚೆ ನೋಡಿ. ಇಬ್ಬರು ಮೂವರು ಮುಂದೆ ಏನಾಗುತ್ತಿದೆ ಎಂದು ಕಂಡರೆ ಬ್ರೇಕ್ ಹಿಡಿಯುವ ಪ್ರಸಂಗವೇ ಕಡಿಮೆ. ತುಳಿಯುವುದು ನಿಲ್ಲಿಸಿದರೇ ಸಾಕಾಗುತ್ತದೆ.

ಇನ್ನು ಕೈಸನ್ನೆ. ಗುಂಡಿ ಎಡಕ್ಕಿದ್ದರೆ ಎಡಗೈ ಕೆಳಗೆ ಮಾಡಿ ಬೆರಳು ತೋರಿಸಿ, ಬಲಕ್ಕಿದ್ದರೆ ಬಲಗೈ. ಸ್ಪೀಡ್ ಬ್ರೇಕರ್‌ಗೆ ಅಂಗೈಯನ್ನು ಅಲೆಯಂತೆ ಮೇಲೆ ಕೆಳಗೆ ಆಡಿಸುವುದು. ನಿಂತ ರಿಕ್ಷಾ ಅಥವಾ ನಡೆಯುವವರು ಎಡಕ್ಕೆ ಬಂದರೆ ಎಡಗೈಯನ್ನು ಬೆನ್ನ ಹಿಂದೆ ತಂದು ಬಲಕ್ಕೆ ಬೀಸಿ, "ಬಲಕ್ಕೆ ಸರೀರಿ" ಎಂದರ್ಥ. ನಿಲ್ಲುವುದಕ್ಕೆ ಕೈ ಎತ್ತಿ ಮುಷ್ಟಿ. ಒಬ್ಬರು ತೋರಿಸಿದ್ದನ್ನು ಹಿಂದಿನವರು ಮತ್ತೆ ತೋರಿಸಬೇಕು, ಹೀಗೆ ಕೊನೆಯವರೆಗೂ. ಕೈ ಬಿಡಲು ಹೆದರಿಕೆಯಾದರೆ ಬಿಡಬೇಡಿ, ಬಾಯಿಯಿಂದ ಕೂಗಿ. "ಖಡ್ಡಾ!" ಎಂದು ಕೂಗಲು ನಾಚಿಕೆ ಎಂಥದ್ದು? ಹಿಂದಿನಿಂದ ವಾಹನ ಬಂದರೆ ಕೂಗು ಕೊನೆಯಿಂದ ಮುಂದಕ್ಕೆ ಬರುತ್ತದೆ: "ಗಾಡಿ! ಗಾಡಿ!" ಅದನ್ನೂ ಮುಂದಕ್ಕೆ ದಾಟಿಸಿ, ಒಂಟಿ ಸಾಲಿಗೆ ಬನ್ನಿ.

ಏರಿನಲ್ಲಿ ಸೀಟಿನಿಂದ ಎದ್ದು ನಿಂತು ತುಳಿಯುತ್ತೀರಲ್ಲ, ಆ ಕ್ಷಣ ಸೈಕಲ್ ನಾಲ್ಕೈದು ಇಂಚು ಹಿಂದಕ್ಕೆ ಜಗ್ಗುತ್ತದೆ. ತುಳಿಯುವವರಿಗೆ ಇದು ಗೊತ್ತೇ ಆಗುವುದಿಲ್ಲ, ಹಿಂದಿನವರಿಗೆ ಚೆನ್ನಾಗಿ ಗೊತ್ತಾಗುತ್ತದೆ. ಏಳುವ ಮುಂಚೆ ಹೇಳಿ, ಪೆಡಲ್ ಮೇಲೆ ಭಾರ ಹಾಕುತ್ತಾ ಏಳಿ.

ನಾಯಿಗಳು ಬರುತ್ತವೆ. ಹೊಸಬರು ವೇಗ ಹೆಚ್ಚಿಸುತ್ತಾರೆ, ನಾಯಿಗೆ ಬೇಕಾಗಿರುವುದೂ ಅದೇ. ಗುಂಪು ಒಟ್ಟಾಗಿ ನಿಧಾನಿಸಿ ಗದರಿದರೆ ಹೆಚ್ಚಿನವು ಅಲ್ಲೇ ನಿಲ್ಲುತ್ತವೆ. ಒದೆಯಲು ಹೋಗಿ ಬಿದ್ದವರನ್ನು ನೋಡಿದ್ದೇನೆ.

ಮಳೆಗಾಲದಲ್ಲಿ ಇದೆಲ್ಲವನ್ನೂ ಎರಡು ಪಟ್ಟು ಮಾಡಿ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಬಿಳಿ ಬಣ್ಣದ ಪಟ್ಟೆ, ಕಬ್ಬಿಣದ ಮ್ಯಾನ್‌ಹೋಲ್ ಮುಚ್ಚಳ ಎರಡೂ ಸೋಪಿನ ಹಾಗೆ. ಅವುಗಳ ಮೇಲೆ ಬ್ರೇಕೂ ಬೇಡ, ತಿರುವೂ ಬೇಡ. ನೀರು ನಿಂತ ಕಡೆ ಕೆಳಗೆ ಏನಿದೆ ಎಂದು ಯಾರಿಗೂ ಗೊತ್ತಿಲ್ಲ.

ಪಂಕ್ಚರ್ ಆದಾಗ

ಗಾಳಿ ಹೋದದ್ದು ಗೊತ್ತಾದ ಕೂಡಲೇ ಬ್ರೇಕ್ ಹಾಕಬೇಡಿ. ಕೈ ಎತ್ತಿ, "ಪಂಕ್ಚರ್" ಎಂದು ಕೂಗಿ, ಮೆಲ್ಲಗೆ ಎಡಕ್ಕೆ ಸರಿದು ರಸ್ತೆಯಿಂದ ಪೂರ್ತಿ ಕೆಳಗಿಳಿಯಿರಿ. ಎಂಟು ಜನ ಡಾಂಬರಿನ ಮೇಲೆ ನಿಂತು ಸಲಹೆ ಕೊಡುವುದು ನಮ್ಮ ರಾಷ್ಟ್ರೀಯ ಅಭ್ಯಾಸ. ಅವರನ್ನೂ ಕೆಳಗಿಳಿಸಿ.

ಟ್ಯೂಬ್ ಬದಲಾಯಿಸುವುದನ್ನು ಮನೆಯಲ್ಲಿ ಎರಡು ಸಲ ಮಾಡಿ ನೋಡಿರಬೇಕು. ಆದರೂ ಒಂದು ಹೆಜ್ಜೆ ಎಲ್ಲರೂ ಮರೆಯುತ್ತಾರೆ. ಬೋಪದೇವ್ ಘಾಟಿನ ಬುಡದಲ್ಲಿ ನಾನೂ ಮರೆತಿದ್ದೆ. ಹೊಸ ಟ್ಯೂಬ್ ಹಾಕಿ, ಇನ್ನೂರು ಸಲ ಪಂಪ್ ಹೊಡೆದು, ಬೆವರು ಒರೆಸಿಕೊಂಡು ಸೈಕಲ್ ಹತ್ತಿದೆ. ನೂರು ಮೀಟರ್‌ಗೆ ಮತ್ತೆ ಠುಸ್. ಕಾಕಾ ಟೈರ್ ಬಿಚ್ಚಿ ಒಳಭಾಗದಲ್ಲಿ ಬೆರಳನ್ನು ನಿಧಾನಕ್ಕೆ ಸುತ್ತ ಆಡಿಸಿದರು. ಲಾರಿ ಟೈರಿನಿಂದ ಉದುರಿದ ಕೂದಲೆಳೆಯಂಥ ತಂತಿಯ ತುಂಡು. ಹೊರಗಿನಿಂದ ಕಾಣುತ್ತಲೇ ಇರಲಿಲ್ಲ. ಅದನ್ನು ಉಗುರಿನಲ್ಲಿ ಕಿತ್ತು ನನ್ನ ಅಂಗೈ ಮೇಲಿಟ್ಟರು, ಮಾತಾಡಲಿಲ್ಲ. ಹೊಸ ಟ್ಯೂಬ್ ಹಾಕುವ ಮುಂಚೆ ಟೈರಿನ ಒಳಗೆ ಬೆರಳಾಡಿಸಿ. ಮೆಲ್ಲಗೆ, ಗಾಜಿದ್ದರೆ ಬೆರಳು ಕೊಯ್ಯುತ್ತದೆ.

ಚಹಾ

ನಿಜ ಹೇಳಬೇಕೆಂದರೆ ಅರ್ಧ ಜನ ಬರುವುದೇ ಇದಕ್ಕೆ. ಅಮೃತ್‌ತುಲ್ಯ ಚಹಾ, ಪೋಹೆ, ಮಿಸಳ್, ಇಲ್ಲವೇ ನಮ್ಮ ಉಪ್ಪಿಟ್ಟು. ಇಲ್ಲಿ ಅದಕ್ಕೆ ಉಪೀಟ್ ಎನ್ನುತ್ತಾರೆ. ಊರೊಳಗೆ ಮುಗಿಯುವ ರೈಡ್ ಆದರೆ ಡೆಕ್ಕನ್ನಿನ ಗುಡ್‌ಲಕ್ ಕೆಫೆಯ ಬನ್ ಮಸ್ಕಾ, ಅಥವಾ ಫರ್ಗ್ಯೂಸನ್ ರಸ್ತೆಯ ವೈಶಾಲಿ. ವೈಶಾಲಿಯನ್ನು ಕಟ್ಟಿ ಬೆಳೆಸಿದ ಜಗನ್ನಾಥ ಶೆಟ್ಟರು ನಮ್ಮ ಕರಾವಳಿಯವರು. ಹಾಗಾಗಿ ಅಲ್ಲಿ ಕೂತು ದೋಸೆ ಮುರಿಯುವಾಗ ನನಗೊಂದು ಸಣ್ಣ ಜಂಬ.

ಬಿಲ್ ಸಮನಾಗಿ ಹಂಚಿಕೊಳ್ಳುವುದೇ ರೂಢಿ. ಸೈಕಲ್ ಕಣ್ಣಿಗೆ ಕಾಣುವ ಕಡೆ ನಿಲ್ಲಿಸಿ, ಎರಡು ಸೈಕಲ್ ಸೇರಿಸಿ ಬೀಗ ಹಾಕಿ. ಇಪ್ಪತ್ತು ನಿಮಿಷಕ್ಕಿಂತ ಜಾಸ್ತಿ ಕೂತರೆ ಕಾಲು ಬಿಗಿಯುತ್ತದೆ. ಇದೇ ಹೊತ್ತಿನಲ್ಲಿ ಯಾರೋ ಬ್ರೆವೆ, ಅಂದರೆ ಗಡುವಿನೊಳಗೆ ಮುಗಿಸುವ ದೂರದ ರೈಡ್‌ನ, ಮಾತು ತೆಗೆಯುತ್ತಾರೆ. 200 ಕಿ.ಮೀ. ದೂರವನ್ನು 13 ಗಂಟೆ 30 ನಿಮಿಷದೊಳಗೆ ಮುಗಿಸುವುದು, ಆಮೇಲೆ 300ಕ್ಕೆ 20 ಗಂಟೆ, 400ಕ್ಕೆ 27, 600ಕ್ಕೆ 40. ಕೇಳಿಸಿಕೊಳ್ಳಿ, ತಲೆಯಾಡಿಸಿ, ಹೆಸರು ಮಾತ್ರ ಕೊಡಬೇಡಿ. ಮೊದಲು ಒಂದು ಘಾಟಿ ಹತ್ತಿ.

ಘಾಟಿ, ಕೊನೆಗೆ ಸಿಂಹಗಡ

ಮೊದಲನೆಯದಕ್ಕೆ ಹಳೆಯ ಕಾತ್ರಜ್ ಘಾಟಿ ಒಳ್ಳೆಯದು, ಏರು ಸೌಮ್ಯ. ಆದರೆ ಕಾತ್ರಜ್–ವಾರ್ಜೆ ಬೈಪಾಸ್ ಹಿಡಿಯಬೇಡಿ. ನವಲೆ ಸೇತುವೆಯ ಇಳಿಜಾರಿನಲ್ಲಿ ಭಾರದ ಲಾರಿಗಳ ಅಪಘಾತ ಆಗುತ್ತಲೇ ಇರುತ್ತದೆ, ಊರೊಳಗಿನ ದಾರಿಯೇ ಲೇಸು. ಎರಡನೆಯದು ಬೋಪದೇವ್, ಹತ್ತಿ ಇಳಿದರೆ ಸಾಸ್ವಡ್. ದಿವೆ ಘಾಟಿನಲ್ಲಿ ನೋಟ ಚೆಂದ, ಆದರೆ ವಾಹನವೂ ಜಾಸ್ತಿ. ಸಂತ ಜ್ಞಾನೇಶ್ವರರ ಪಾಲಖಿ (ಪಲ್ಲಕ್ಕಿ ಮೆರವಣಿಗೆ) ಪಂಢರಪುರಕ್ಕೆ ಹೋಗುವುದು ಆ ದಾರಿಯಲ್ಲೇ, ಆ ದಿನ ಸೈಕಲ್ಲಿಗೆ ಜಾಗವಿಲ್ಲ. ಲೋಣಾವಳಕ್ಕೆ ಹೋಗುವ ಗುಂಪು ಹಳೆಯ ಹೆದ್ದಾರಿ ಹಿಡಿಯುತ್ತದೆ. ಎಕ್ಸ್‌ಪ್ರೆಸ್‌ವೇಯಲ್ಲಿ ಸೈಕಲ್ ನಿಷಿದ್ಧ.

ಸಿಂಹಗಡ ಬೆಟ್ಟದ ಮೇಲಿನ ಕೋಟೆ, ಅದರ ಎತ್ತರ ಸಮುದ್ರಮಟ್ಟದಿಂದ ಸುಮಾರು 1,300 ಮೀಟರ್. ಪುಣೆ ನಗರ 560ರ ಆಸುಪಾಸು. ಆ ವ್ಯತ್ಯಾಸದ ಬಹುಪಾಲು ಕೊನೆಯ ಎಂಟೊಂಬತ್ತು ಕಿ.ಮೀ.ಗಳಲ್ಲಿ ಬರುತ್ತದೆ. ಅಲ್ಲಿ ಗುಂಪು ಒಡೆಯುತ್ತದೆ, ಒಡೆಯಲೇಬೇಕು. ಏರಿನಲ್ಲಿ ಇನ್ನೊಬ್ಬರ ವೇಗಕ್ಕೆ ಹೋದರೆ ಎರಡನೇ ತಿರುವಿಗೇ ಉಸಿರು ನಿಲ್ಲುತ್ತದೆ. ಬುಡ ತಲುಪುವ ಮುಂಚೆಯೇ ಸಣ್ಣ ಗೇರಿಗೆ ಬನ್ನಿ, ಮಾತಾಡಲು ಆಗುವಷ್ಟು ನಿಧಾನ ಹತ್ತಿ. ಇಳಿದು ತಳ್ಳಿದರೂ ಮರ್ಯಾದೆಗೇನೂ ಕಡಿಮೆಯಿಲ್ಲ. ನಾನು ಮೊದಲ ಸಲ ಮೂರು ಕಡೆ ತಳ್ಳಿದ್ದೆ. ಮೇಲೆ ಪಿಠ್ಲ-ಭಾಕರಿ, ಈರುಳ್ಳಿ ಭಜಿ, ಮಣ್ಣಿನ ಕುಡಿಕೆಯಲ್ಲಿ ಗಟ್ಟಿ ಮೊಸರು. ಭಾನುವಾರ ಕಾರುಗಳ ಸಾಲು ಶುರುವಾಗುವ ಮುಂಚೆ ಇಳಿದುಬಿಡಿ.

ಇಳಿಯುವಾಗ ಹತ್ತುವುದಕ್ಕಿಂತ ಹೆಚ್ಚು ಎಚ್ಚರ ಬೇಕು. ಒಬ್ಬರಿಂದೊಬ್ಬರಿಗೆ ಐದಾರು ಸೈಕಲ್ಲಿನಷ್ಟು ಅಂತರ. ಬ್ರೇಕನ್ನು ತಿರುವಿನ ಮುಂಚೆ ಹಿಡಿಯಿರಿ, ತಿರುವಿನೊಳಗೆ ಬಿಡಿ. ಉದ್ದಕ್ಕೂ ಒತ್ತಿಯೇ ಇಟ್ಟರೆ ಕಾದು ಹಿಡಿತ ಕಡಿಮೆಯಾಗುತ್ತದೆ, ಹಿಡಿದು ಬಿಟ್ಟು ಹಿಡಿದು ಬಿಟ್ಟು ಇಳಿಯಿರಿ. ಎರಡೂ ಬ್ರೇಕ್ ಒಟ್ಟಿಗೆ. ಎದುರಿನಿಂದ ಜೀಪುಗಳು ಅರ್ಧ ರಸ್ತೆ ನುಂಗಿಕೊಂಡು ಬರುತ್ತವೆ, ಕುರುಡು ತಿರುವಿನಲ್ಲಿ ನಿಮ್ಮ ಎಡವನ್ನು ಬಿಡಬೇಡಿ.

ಬುಡದಲ್ಲಿ ಎಲ್ಲರೂ ನಿಲ್ಲುತ್ತೇವೆ, ಯಾರೂ ಮನೆ ಕಡೆ ತಿರುಗುವುದಿಲ್ಲ. ಕಾಕಾ ಸ್ವೀಪ್ ಆದ್ದರಿಂದ ಕೊನೆಗೆ ಬರುತ್ತಾರೆ, ಬಂದವರೇ ಹೆಲ್ಮೆಟ್ ತೆಗೆಯದೆ ಬೆರಳು ಮಡಚಿ ಎಣಿಸುತ್ತಾರೆ. ಹೋದ ತಿಂಗಳು ಹನ್ನೊಂದು ಜನ ಹತ್ತಿದ್ದೆವು. ಹತ್ತಕ್ಕೇ ಎಣಿಕೆ ನಿಂತಿತು. ಎರಡನೇ ಸಲ ಎಣಿಸಿದರು, ಮತ್ತೆ ಹತ್ತು. ನಾವೆಲ್ಲ ರಸ್ತೆ ಕಡೆ ತಿರುಗಿ ನೋಡುತ್ತಿದ್ದಾಗ ಹೊಸ ಹುಡುಗನೊಬ್ಬ ಮೆಲ್ಲಗೆ ಹೇಳಿದ: "ಕಾಕಾ, ನೀವು ನಿಮ್ಮನ್ನ ಎಣಿಸಿಲ್ಲ."